ಗೆದ್ದದ್ದು ಸಕ್ಲತ್‌ವಾಲಾ, ಗೆಲ್ಲಿಸಿದ್ದು ಬ್ಯಾಟರ್ಸಿ

1924ರ ಅಕ್ಟೋಬರ್ 29ರಂದು ಬ್ರಿಟನ್ನಿನಲ್ಲಿ ನಡೆದ ಸಾರ್ವತ್ರಿಕ ಚುನಾವಣೆ ಎಡಪಂಥೀಯರಿಗೆ ಭಾರೀ ಹೊಡೆತ ಕೊಟ್ಟಿತು. ಮತದಾನಕ್ಕೆ ನಾಲ್ಕು ದಿನ ಇರುವಾಗ ಡೈಲಿ ಮೇಲ್ ಪತ್ರಿಕೆ ಒಂದು ಕಾಗದವನ್ನು ಅಚ್ಚು ಹಾಕಿತು. ಅದು ಮಾಸ್ಕೋದಿಂದ ಸೋವಿಯತ್ ನಾಯಕ ಜಿನೊವಿಯೆವ್ ಬರೆದದ್ದೆಂದೂ, ಬ್ರಿಟಿಷ್ ಕಾರ್ಮಿಕರನ್ನು ದಂಗೆ ಎಬ್ಬಿಸುವ ಸೂಚನೆ ಅದರಲ್ಲಿದೆಯೆಂದೂ ಪತ್ರಿಕೆ ಸಾರಿತು. ಆ ಕಾಗದ ನಕಲಿ ಎಂದು ಇಂದಿನ ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಚುನಾವಣೆಯ ಹೊಸ್ತಿಲಲ್ಲಿ ಹಬ್ಬಿದ ಗುಲ್ಲನ್ನು ತನಿಖೆ ಮಾಡುತ್ತ ಕೂರುವವರು ಯಾರು? ಕೆಂಪು ಬಾವುಟದ ಭಯ ದೇಶದ ತುಂಬ ಓಡಾಡಿತು. ಕನ್ಸರ್ವೇಟಿವರು 400ಕ್ಕೂ ಹೆಚ್ಚು ಸ್ಥಾನ ಬಾಚಿಕೊಂಡರು. ಲೇಬರ್ ಪಕ್ಷ 191ರಿಂದ 151ಕ್ಕೆ ಇಳಿಯಿತು. ಲಿಬರಲರ ಬಲ 158ರಿಂದ 40ಕ್ಕೆ ಕುಸಿಯಿತು.

ಅಂಥ ಚುನಾವಣೆಯಲ್ಲಿ, ಪಾರ್ಲಿಮೆಂಟ್ ಭವನದಿಂದ ಥೇಮ್ಸ್ ನದಿಯ ದಂಡೆ ಹಿಡಿದು ನಡೆದುಕೊಂಡೇ ಹೋಗಬಹುದಾದ ಒಂದು ಕ್ಷೇತ್ರ ಬಹಿರಂಗವಾಗಿ ಕಮ್ಯುನಿಸ್ಟ್ ಎಂದು ಘೋಷಿಸಿಕೊಂಡು ನಿಂತವನನ್ನು ಆರಿಸಿ ಕಳಿಸಿತು. ಆ ಪಾರ್ಲಿಮೆಂಟಿನಲ್ಲಿ ಅವನೊಬ್ಬನೇ ಕಮ್ಯುನಿಸ್ಟ್. ಗೆದ್ದ ಅಂತರ 542 ಮತ. ಹುಟ್ಟಿದ್ದು ಮುಂಬಯಿಯಲ್ಲಿ, ಪಾರ್ಸಿ ಕುಟುಂಬದಲ್ಲಿ. ತಾಯಿ ಜೆರ್‌ಬಾಯಿ ಜಮ್‌ಶೆಟ್‌ಜಿ ಟಾಟಾ ಅವರ ಸೋದರಿ. ಹೆಸರು ಶಾಪುರ್ಜಿ ಸಕ್ಲತ್‌ವಾಲಾ. ಕ್ಷೇತ್ರದ ಹೆಸರು ಬ್ಯಾಟರ್ಸಿ ನಾರ್ತ್.

ಸಕ್ಲತ್‌ವಾಲಾ ಬಗ್ಗೆ ನಮ್ಮಲ್ಲಿ ಆಗಾಗ ಬರೆಯುತ್ತಾರೆ, ಹೆಮ್ಮೆಪಡುತ್ತಾರೆ. ಗೆಲ್ಲಿಸಿದ ಕ್ಷೇತ್ರದ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. 1918ರಲ್ಲಿ ಹುಟ್ಟಿ 1983ರಲ್ಲಿ ಅಳಿದ ಈ ಕ್ಷೇತ್ರದ ಚರಿತ್ರೆ ನೋಡಿದರೆ, ಟಾಟಾ ಮನೆತನದ ಹುಡುಗ ಅಲ್ಲಿ ಗೆದ್ದದ್ದು ಪವಾಡವೂ ಅಲ್ಲ, ಇಂಗ್ಲಿಷರ ಔದಾರ್ಯವೂ ಅಲ್ಲ ಎಂಬುದು ಗೊತ್ತಾಗುತ್ತದೆ. ಮೂವತ್ತು ವರ್ಷ ವಾರ್ಡು ವಾರ್ಡುಗಳಲ್ಲಿ ಕಟ್ಟಿದ ಸಂಘಟನೆಯ ಫಲ ಅದು. ಆ ಸಂಘಟನೆ ಒಡೆದ ದಿನ ಅವರೂ ಸೋತರು.

ಬ್ಯಾಟರ್ಸಿ ಮೊದಲು ಲಂಡನ್ನಿಗೆ ತರಕಾರಿ ಬೆಳೆದು ಕೊಡುತ್ತಿದ್ದ ಹಳ್ಳಿ. 1841ರಲ್ಲಿ ಅಲ್ಲಿನ ಜನಸಂಖ್ಯೆ ಏಳು ಸಾವಿರಕ್ಕೂ ಕಡಿಮೆ. ಆಮೇಲೆ ರೈಲು ಬಂತು. ನೈನ್ ಎಲ್ಮ್ಸ್‌ನಲ್ಲಿ ರೈಲ್ವೆ ಕಾರ್ಖಾನೆ ಮತ್ತು ಸರಕು ಅಂಗಳ, ಪಶ್ಚಿಮಕ್ಕೆ ಕ್ಲಾಪಮ್ ಜಂಕ್ಷನ್, ನದಿಯುದ್ದಕ್ಕೂ ಅನಿಲ ಸ್ಥಾವರ, ಮೂಸೆ ತಯಾರಿಸುವ ಮಾರ್ಗನ್ ಕಂಪನಿ, ಪ್ರೈಸ್ ಮೇಣದಬತ್ತಿ ಕಾರ್ಖಾನೆ. 1901ರ ಹೊತ್ತಿಗೆ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. 1885ರಲ್ಲಿ ಕ್ಷೇತ್ರಗಳ ಮರುಹಂಚಿಕೆ ನಡೆದಾಗ ಬ್ಯಾಟರ್ಸಿಗೆ ಮೊದಲ ಬಾರಿ ತನ್ನದೇ ಒಂದು ಸ್ಥಾನ ಸಿಕ್ಕಿತು. ಮೊದಲ ಸದಸ್ಯ ಆಕ್ಟೇವಿಯಸ್ ವಾನ್ ಮಾರ್ಗನ್, ಮೂಸೆ ಕಂಪನಿಯ ಮಾಲೀಕ ಸೋದರರಲ್ಲಿ ಒಬ್ಬರು, ಲಿಬರಲ್. ಕಾರ್ಖಾನೆಯ ಧಣಿಯೇ ಕ್ಷೇತ್ರದ ಪ್ರತಿನಿಧಿ. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಏಳೇ ವರ್ಷದಲ್ಲಿ ಅದು ತಿರುಗುಮುರುಗಾಯಿತು. 1892ರಲ್ಲಿ ಬ್ಯಾಟರ್ಸಿ ಆರಿಸಿದ್ದು ಜಾನ್ ಬರ್ನ್ಸ್ ಎಂಬ ಎಂಜಿನ್ ಕೆಲಸಗಾರನನ್ನು. ಹುಡುಗನಾಗಿದ್ದಾಗ ಅದೇ ಪ್ರೈಸ್ ಮೇಣದಬತ್ತಿ ಕಾರ್ಖಾನೆಯಲ್ಲಿ ದುಡಿದವನು. 1887ರ ಟ್ರಫಾಲ್ಗರ್ ಚೌಕದ ಗಲಭೆಗಾಗಿ ಜೈಲು ಕಂಡವನು. 1889ರ ಬಂದರು ಮುಷ್ಕರದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ಭಾಷಣ ಮಾಡಿ ಲಂಡನ್ನಿಗೆಲ್ಲ ಪರಿಚಿತನಾದವನು. ಪಾರ್ಲಿಮೆಂಟ್ ಸದಸ್ಯರಿಗೆ ಆಗ ಸಂಬಳವಿರಲಿಲ್ಲ, ಅದು ಬಂದದ್ದು 1911ರಲ್ಲಿ. ಅಲ್ಲಿಯ ತನಕ ಕೂಲಿಕಾರನೊಬ್ಬ ಸದಸ್ಯನಾಗಿ ಹೊಟ್ಟೆ ಹೊರೆಯುವುದು ಹೇಗೆ? ಬ್ಯಾಟರ್ಸಿ ಲೇಬರ್ ಲೀಗ್ ಇದಕ್ಕೊಂದು ವೇತನ ನಿಧಿ ಮಾಡಿತು. ಕೆಲಸಗಾರರು ತಮ್ಮ ವಾರದ ಕೂಲಿಯಲ್ಲಿ ಚಿಲ್ಲರೆ ಕಾಸು ಕೂಡಿಸಿ ತಮ್ಮ ಸದಸ್ಯನ ಮನೆ ನಡೆಸಿದರು. ಮತದಾರರಿಗೆ ಅಭ್ಯರ್ಥಿ ಹಣ ಹಂಚುವ ಸುದ್ದಿಯನ್ನು ಚುನಾವಣೆ ಬಂದಾಗಲೆಲ್ಲ ಓದುವ ನಮಗೆ ಈ ಲೆಕ್ಕ ತಲೆಕೆಳಗಾದಂತೆ ಕಂಡರೆ ಆಶ್ಚರ್ಯವಿಲ್ಲ.

ಬರ್ನ್ಸ್ ಕತೆ ಮುಂದೆ ಬೇರೆ ದಾರಿ ಹಿಡಿಯಿತು. ಜೊತೆಗೇ ಗೆದ್ದುಬಂದ ಕೀರ್ ಹಾರ್ಡಿ ಲೇಬರ್ ಪಕ್ಷ ಕಟ್ಟಲು ಹೊರಟರೆ ಬರ್ನ್ಸ್ ಲಿಬರಲರ ಪಕ್ಕಕ್ಕೆ ವಾಲಿದರು. 1905ರ ಡಿಸೆಂಬರಿನಲ್ಲಿ ಸ್ಥಳೀಯಾಡಳಿತ ಮಂಡಳಿಯ ಅಧ್ಯಕ್ಷರಾಗಿ ಸಂಪುಟ ಸೇರಿದರು. ಕಾರ್ಮಿಕ ವರ್ಗದಿಂದ ಬಂದು ಬ್ರಿಟಿಷ್ ಸಂಪುಟದಲ್ಲಿ ಕೂತ ಮೊದಲಿಗರೆಂಬ ಹೆಸರೂ ಬಂತು, ಹಳೆಯ ಗೆಳೆಯರ ಬೈಗುಳವೂ ಬಂತು. ಆದರೆ 1914ರ ಆಗಸ್ಟಿನಲ್ಲಿ ಬ್ರಿಟನ್ ಮಹಾಯುದ್ಧಕ್ಕೆ ಇಳಿದಾಗ ಅದನ್ನು ವಿರೋಧಿಸಿ ಸಚಿವ ಸ್ಥಾನ ಬಿಟ್ಟು ಹೊರಬಂದರು. 1918ರಲ್ಲಿ ರಾಜಕೀಯದಿಂದಲೇ ಸರಿದು, 1943ರಲ್ಲಿ ತೀರಿಕೊಳ್ಳುವವರೆಗೆ ಲಂಡನ್ ನಗರದ ಬಗೆಗಿನ ಪುಸ್ತಕಗಳನ್ನು ಕೂಡಿಹಾಕುತ್ತ ಕೂತರು. ಕುರ್ಚಿಗಾಗಿ ಗೆಳೆಯರನ್ನು ಬಿಟ್ಟರು ಎಂದು ಅವರನ್ನು ಹಳಿಯುವವರು, ಆ ಕುರ್ಚಿಯನ್ನೂ ಬಿಟ್ಟರು ಎಂಬುದನ್ನು ಮರೆಯಬಾರದು.

ಬರ್ನ್ಸ್ ಪಾರ್ಲಿಮೆಂಟಿನಲ್ಲಿದ್ದಾಗ ಊರಿನಲ್ಲಿ ನಡೆದದ್ದು ಹೆಚ್ಚು ಮುಖ್ಯ. ಬ್ಯಾಟರ್ಸಿಯ ಕಾರ್ಮಿಕ ಸಂಘಗಳು, ಸಮಾಜವಾದಿಗಳು ಮತ್ತು ತೀವ್ರ ಲಿಬರಲರು ಸೇರಿ ಪ್ರಗತಿಪರರ ಕೂಟವೊಂದನ್ನು ಮಾಡಿಕೊಂಡು ಪುರಸಭೆಯನ್ನು ಹಿಡಿದರು. 1903ರಲ್ಲಿ ಲ್ಯಾಚ್ಮಿಯರ್ ಎಸ್ಟೇಟ್ ತೆರೆಯಿತು. ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಈ ಮನೆಗಳನ್ನು ಗುತ್ತಿಗೆದಾರರನ್ನು ಬದಿಗಿಟ್ಟು ಪುರಸಭೆಯೇ ತನ್ನ ಸ್ವಂತ ಕೆಲಸಗಾರರಿಂದ ಕಟ್ಟಿಸಿತು. ಬೀದಿಗಳ ಹೆಸರುಗಳಲ್ಲೇ ರಾಜಕೀಯ ಓದಬಹುದು: ರಿಫಾರ್ಮ್ ಸ್ಟ್ರೀಟ್, ಫ್ರೀಡಂ ಸ್ಟ್ರೀಟ್, ಬರ್ನ್ಸ್ ರೋಡ್, ಜೊಬೇರ್ ಸ್ಟ್ರೀಟ್. ಕೊನೆಯದು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಸೇನೆಯ ವಿರುದ್ಧ ಕಾದಾಡಿದ ಬೋಯರ್ ಸೇನಾನಿಯ ಹೆಸರು. ಯುದ್ಧ ಮುಗಿದು ಹೆಚ್ಚು ಕಾಲ ಕಳೆದಿರದ ಹೊತ್ತಿನಲ್ಲಿ ಶತ್ರು ಸೇನಾಪತಿಯ ಹೆಸರನ್ನು ಸಾಮ್ರಾಜ್ಯದ ರಾಜಧಾನಿಯ ಬೀದಿಗೆ ಇಟ್ಟ ಪುರಸಭೆ ಅದು.

ಅಲ್ಲೇ ಪಕ್ಕದ ಮೈದಾನದಲ್ಲಿ 1906ರಲ್ಲಿ ಒಂದು ಕಂದು ನಾಯಿಯ ಪ್ರತಿಮೆಯನ್ನೂ ನಿಲ್ಲಿಸಿದರು. ವೈದ್ಯಕೀಯ ಪಾಠಕ್ಕಾಗಿ ಜೀವಂತ ಕೊಯ್ದ ನಾಯಿಯ ನೆನಪಿಗೆ. ಸಿಟ್ಟಿಗೆದ್ದ ವೈದ್ಯಕೀಯ ವಿದ್ಯಾರ್ಥಿಗಳು 1907ರಲ್ಲಿ ಪ್ರತಿಮೆ ಒಡೆಯಲು ಬಂದಾಗ ಬ್ಯಾಟರ್ಸಿಯ ಕೂಲಿಕಾರರು ನಾಯಿಯ ಪರ ನಿಂತು ಬಡಿದಾಡಿದರು. 1910ರಲ್ಲಿ, ಅಧಿಕಾರ ಬೇರೆಯವರ ಕೈಗೆ ಹೋಗಿದ್ದಾಗ, ಪುರಸಭೆಯೇ ರಾತ್ರೋರಾತ್ರಿ ಪ್ರತಿಮೆಯನ್ನು ಎತ್ತಿಸಿಬಿಟ್ಟಿತು. ಚುನಾವಣೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಯಾರ ಪರವೂ ನಿಲ್ಲಲು ಹೇಸದ ಊರು ಎಂಥದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಸಿಗಲಿಲ್ಲ.

1913ರ ನವೆಂಬರಿನಲ್ಲಿ ಪುರಸಭೆ ಮೇಯರ್ ಆರಿಸಬೇಕಿತ್ತು. ಒಂದೇ ಮತದ ಅಂತರದಲ್ಲಿ, 40ಕ್ಕೆ 39ರಂತೆ, ಗೆದ್ದವರು ಜಾನ್ ಆರ್ಚರ್. ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ತಂದೆ ಬಾರ್ಬಡೋಸ್ ದ್ವೀಪದ ಕರಿಯ, ತಾಯಿ ಐರಿಷ್. ಲಂಡನ್ನಿನಲ್ಲಿ ಮೇಯರ್ ಆದ ಮೊದಲ ಕಪ್ಪು ವರ್ಣೀಯ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಸಕ್ಲತ್‌ವಾಲಾ ಕತೆಯಲ್ಲಿ ಎರಡು ಸಲ, ಎರಡು ಬೇರೆ ಬೇರೆ ಪಾತ್ರಗಳಲ್ಲಿ ಬರುತ್ತದೆ.

1918ರ ಜನಪ್ರಾತಿನಿಧ್ಯ ಕಾಯ್ದೆ ಬ್ರಿಟಿಷ್ ಚುನಾವಣೆಯ ಸ್ವರೂಪವನ್ನೇ ಬದಲಿಸಿತು. 21 ದಾಟಿದ ಬಹುತೇಕ ಎಲ್ಲ ಗಂಡಸರಿಗೂ, 30 ದಾಟಿ ಒಂದಿಷ್ಟು ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೂ ಮತ ಬಂತು. ಮತದಾರರ ಸಂಖ್ಯೆ ಸುಮಾರು 77 ಲಕ್ಷದಿಂದ ಎರಡು ಕೋಟಿಯ ಆಚೆಗೆ ಜಿಗಿಯಿತು. ಕ್ಷೇತ್ರಗಳನ್ನೂ ಹೊಸದಾಗಿ ಗೆರೆ ಎಳೆದು ಹಂಚಿದರು. ಜನ ತುಂಬಿದ್ದ ಬ್ಯಾಟರ್ಸಿ ಆಗ ಎರಡಾಯಿತು. ದಕ್ಷಿಣದಲ್ಲಿ ಲ್ಯಾವೆಂಡರ್ ಹಿಲ್ ಏರಿ ಕ್ಲಾಪಮ್ ಕಾಮನ್ ಬಯಲಿನತ್ತ ಹೋಗುವ ಗುಮಾಸ್ತರ, ಅಂಗಡಿಕಾರರ ಮನೆಗಳು. ಉತ್ತರದಲ್ಲಿ ಕಾರ್ಖಾನೆ, ರೈಲ್ವೆ ಅಂಗಳ, ಹೊಗೆ. ಬ್ಯಾಟರ್ಸಿ ಸೌತ್ ಆರಿಸಿದ್ದು ಕನ್ಸರ್ವೇಟಿವ್ ಪಕ್ಷದ ವೈಕೌಂಟ್ ಕರ್ಜನ್ ಅವರನ್ನು. ಇವರು ನಮ್ಮ ವೈಸ್‌ರಾಯ್ ಕರ್ಜನ್ ಅಲ್ಲ. ಮುಂದೆ ಅರ್ಲ್ ಹೋ ಆಗಿ 1931ರ ಲೆ ಮಾನ್ಸ್ ಕಾರ್ ಓಟ ಗೆದ್ದ ವ್ಯಕ್ತಿ. ಒಂದೇ ಊರಿನ ಎರಡು ಪಾಲುಗಳಲ್ಲಿ ಒಂದಕ್ಕೆ ರೇಸ್ ಕಾರಿನ ಶ್ರೀಮಂತ, ಇನ್ನೊಂದಕ್ಕೆ ಸ್ವಲ್ಪ ಕಾಲದಲ್ಲೇ ಕಮ್ಯುನಿಸ್ಟ್.

ಬ್ಯಾಟರ್ಸಿ ನಾರ್ತ್‌ನ ಮೊದಲ ಚುನಾವಣೆಯೇ ಕುತೂಹಲದ್ದು. ಹೆಂಗಸರು ಪಾರ್ಲಿಮೆಂಟಿಗೆ ಸ್ಪರ್ಧಿಸಬಹುದು ಎಂಬ ಕಾಯ್ದೆ ಪಾಸಾದದ್ದು 1918ರ ನವೆಂಬರಿನಲ್ಲಿ, ಮತದಾನಕ್ಕೆ ಕೆಲವೇ ವಾರಗಳ ಮೊದಲು. ದೇಶದಾದ್ಯಂತ 17 ಹೆಂಗಸರು ಕಣಕ್ಕಿಳಿದರು. ಅವರಲ್ಲಿ ಬ್ಯಾಟರ್ಸಿ ನಾರ್ತ್‌ನ ಲೇಬರ್ ಅಭ್ಯರ್ಥಿ ಶಾರ್ಲಟ್ ಡೆಸ್ಪಾರ್ಡ್ ಒಬ್ಬರು. ವಯಸ್ಸು 74. ಗಂಡ ತೀರಿದ ಮೇಲೆ ಸಿರಿವಂತಿಕೆ ಬಿಟ್ಟು ನೈನ್ ಎಲ್ಮ್ಸ್‌ನ ಬಡವರ ನಡುವೆ ಬಂದು ನೆಲೆಸಿದವರು, ಮಹಿಳಾ ಮತದಾನದ ಹೋರಾಟಗಾರ್ತಿ, ಯುದ್ಧವಿರೋಧಿ, ಐರ್ಲೆಂಡಿನ ಸ್ವಾತಂತ್ರ್ಯದ ಬೆಂಬಲಿಗರು. ತಮ್ಮ ಯಾರು ಗೊತ್ತೆ? ಫೀಲ್ಡ್ ಮಾರ್ಷಲ್ ಜಾನ್ ಫ್ರೆಂಚ್, ಯುದ್ಧದ ಮೊದಲ ಹಂತದಲ್ಲಿ ಫ್ರಾನ್ಸ್‌ನಲ್ಲಿದ್ದ ಬ್ರಿಟಿಷ್ ಪಡೆಯ ಮುಖ್ಯಸ್ಥ, ಈ ಚುನಾವಣೆಯ ಹೊತ್ತಿಗೆ ಐರ್ಲೆಂಡಿನ ವೈಸ್‌ರಾಯ್. ಯುದ್ಧ ಗೆದ್ದ ಅಮಲಿನಲ್ಲಿದ್ದ ದೇಶ ಅಕ್ಕನ ಮಾತು ಕೇಳಲಿಲ್ಲ. ಲಾಯ್ಡ್ ಜಾರ್ಜ್ ಮೈತ್ರಿಕೂಟದ ಲಿಬರಲ್ ರಿಚರ್ಡ್ ಮಾರಿಸ್ ಸುಲಭವಾಗಿ ಗೆದ್ದರು. ಆದರೆ ಕರಿಯ ಮೇಯರ್, ಮುದುಕಿ ಅಭ್ಯರ್ಥಿ ಎಂದು ಮೂಗು ಮುರಿಯದ ಒಂದು ಪಕ್ಷ ಅಲ್ಲಿ ಬೇರು ಬಿಟ್ಟಿತ್ತು. ಮುಂದಿನ ಅಭ್ಯರ್ಥಿಗಾಗಿ ಅದು ಹುಡುಕಾಟ ನಡೆಸಿತ್ತು.

ಸಕ್ಲತ್‌ವಾಲಾ ಹುಟ್ಟಿದ್ದು 1874ರಲ್ಲಿ. ಮುಂಬಯಿಯಲ್ಲಿ ಪ್ಲೇಗ್ ಬಂದಾಗ ಲಸಿಕೆ ಕಂಡುಹಿಡಿದ ಹಾಫ್ಕಿನ್ ಜೊತೆ ಕೆಲಸ ಮಾಡಿದರು. ಟಾಟಾಗಳಿಗಾಗಿ ಕಬ್ಬಿಣದ ಅದಿರು ಹುಡುಕುತ್ತ ಕಾಡು ಅಲೆದರು. 1905ರಲ್ಲಿ ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದವರು ಅಲ್ಲೇ ಉಳಿದರು. 1907ರಲ್ಲಿ ಸಾರಾ ಮಾರ್ಷ್ ಎಂಬ ಇಂಗ್ಲಿಷ್ ಹುಡುಗಿಯನ್ನು ಮದುವೆಯಾದರು. ಆಕೆ ಡರ್ಬಿಶೈರಿನ ಒಂದು ಆರೋಗ್ಯಧಾಮದಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದವರು. 1909ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಸೇರಿ, 1921ರಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ಬಂದರು. ಇಷ್ಟಾದರೂ ಟಾಟಾ ಕಚೇರಿಯ ನೌಕರಿ 1925ರವರೆಗೂ ಬಿಟ್ಟಿರಲಿಲ್ಲ. ಮನೆ ಉತ್ತರ ಲಂಡನ್ನಿನ ಹೈಗೇಟ್ ಕಡೆ. ಬ್ಯಾಟರ್ಸಿಗೆ ಅವರು ಹೊರಗಿನವರು.

ಹೊರಗಿನವನಿಗೆ ಟಿಕೆಟ್ ಸಿಕ್ಕಿದ್ದು ಹೇಗೆ? ಬ್ಯಾಟರ್ಸಿಯಲ್ಲಿ ಅಭ್ಯರ್ಥಿಯನ್ನು ಆರಿಸುತ್ತಿದ್ದುದು ಅಲ್ಲಿನ ಟ್ರೇಡ್ಸ್ ಕೌನ್ಸಿಲ್ ಮತ್ತು ಲೇಬರ್ ಪಾರ್ಟಿಯ ಜಂಟಿ ಸಭೆ. ಬಿ ಫಾರಂ ಹಿಡಿದುಕೊಂಡು ರಾಜಧಾನಿಯಿಂದ ಬರುವ ವ್ಯವಹಾರ ಅದಾಗಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಸದಸ್ಯರು ಲೇಬರ್ ಪಕ್ಷದ ಒಳಗೂ ಇರಬಹುದಾಗಿದ್ದ ಕಾಲ ಅದು. ಸಕ್ಲತ್‌ವಾಲಾ ಒಳ್ಳೆಯ ಮಾತುಗಾರ. ಅವರ ವಾದವೂ ಕಾರ್ಖಾನೆ ಗೇಟಿನಲ್ಲಿ ನಿಂತವನಿಗೆ ನೇರ ತಟ್ಟುವಂಥದು: ಕಲ್ಕತ್ತೆಯ ಸೆಣಬಿನ ಗಿರಣಿಯಲ್ಲಿ ಕೂಲಿ ಕಡಿಮೆ ಇರುವ ತನಕ ಸ್ಕಾಟ್ಲೆಂಡಿನ ಡಂಡಿಯ ಸೆಣಬಿನ ಕೆಲಸಗಾರನ ಕೂಲಿಯೂ ಏರುವುದಿಲ್ಲ, ಸಾಮ್ರಾಜ್ಯ ಇರುವುದು ಇಬ್ಬರನ್ನೂ ಕೆಳಗಿಡಲು. ಭಾರತದ ಮೇಲೆ ಕರುಣೆ ತೋರಿ ಎಂದು ಅವರು ಯಾಚಿಸಲಿಲ್ಲ, ನಿಮ್ಮ ಕಿಸೆ ನೋಡಿಕೊಳ್ಳಿ ಎಂದರು. ಅವರ ಚುನಾವಣಾ ಏಜೆಂಟ್ ಜಾನ್ ಆರ್ಚರ್.

1922ರ ನವೆಂಬರಿನಲ್ಲಿ ಸಕ್ಲತ್‌ವಾಲಾ ಲೇಬರ್ ಅಭ್ಯರ್ಥಿಯಾಗಿ 11,311 ಮತ ಪಡೆದರು. ಎದುರಾಳಿ ನ್ಯಾಷನಲ್ ಲಿಬರಲ್ ಹೆನ್ರಿ ಹಾಗ್ಬಿನ್‌ಗೆ 9,290. ಅಧಿಕೃತ ಲಿಬರಲರಿಗೆ ಎರಡು ಸಾವಿರವೂ ಬರಲಿಲ್ಲ. ಲಿಬರಲ್ ಮತ ಒಡೆದದ್ದರಿಂದ ಗೆದ್ದರು ಎಂದು ಹೇಳುವವರು ಕೂಡಿ ನೋಡಲಿ: ಚಲಾಯಿತ ಮತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಅವರ ಪಾಲಿಗೆ ಬಂದಿತ್ತು.

1923ರ ಡಿಸೆಂಬರಿನಲ್ಲಿ ಮತ್ತೆ ಚುನಾವಣೆ. ಈ ಬಾರಿ ನೇರ ಸ್ಪರ್ಧೆ. ಸಕ್ಲತ್‌ವಾಲಾ ಮತ 12,341ಕ್ಕೆ ಏರಿತು, ಆದರೆ ಸೋತರು. ಹಾಗ್ಬಿನ್ 186 ಮತ ಹೆಚ್ಚು ಪಡೆದಿದ್ದರು. ಮತ ಹೆಚ್ಚಾಗಿಯೂ ಸೋಲುವ, ಕಡಿಮೆಯಾಗಿಯೂ ಗೆಲ್ಲುವ ಈ ಪದ್ಧತಿಯನ್ನು ನಾವೂ ಬ್ರಿಟನ್ನಿನಿಂದಲೇ ತಂದುಕೊಂಡಿದ್ದೇವೆ, ಹಾಗಾಗಿ ವಿವರಿಸಬೇಕಿಲ್ಲ.

ಮೂರನೆಯ ಸುತ್ತು 1924ರದು. ಮತದಾನ ನಡೆದ ಅಕ್ಟೋಬರಿನಲ್ಲೇ ಲೇಬರ್ ಪಕ್ಷದ ಸಮಾವೇಶ ಕಮ್ಯುನಿಸ್ಟರಾರೂ ಲೇಬರ್ ಅಭ್ಯರ್ಥಿಗಳಾಗಕೂಡದು ಎಂದು ತೀರ್ಮಾನಿಸಿತು. ಸಕ್ಲತ್‌ವಾಲಾ ಕಮ್ಯುನಿಸ್ಟ್ ಎಂದೇ ನಿಂತರು. ಬ್ಯಾಟರ್ಸಿಯ ಸ್ಥಳೀಯ ಘಟಕ ಹೈಕಮಾಂಡ್ ಮಾತಿಗೆ ಸೊಪ್ಪು ಹಾಕಲಿಲ್ಲ, ಅವರ ಬೆನ್ನಿಗೇ ನಿಂತಿತು. ಹಾಗ್ಬಿನ್ ಈ ಸಲ ಕಾನ್‌ಸ್ಟಿಟ್ಯೂಷನಲಿಸ್ಟ್ ಎಂಬ ಹಣೆಪಟ್ಟಿ ಅಂಟಿಸಿಕೊಂಡು ಬಂದರು; ಎಪಿಂಗ್ ಕ್ಷೇತ್ರದಲ್ಲಿ ವಿನ್ಸ್ಟನ್ ಚರ್ಚಿಲ್ ನಿಂತದ್ದೂ ಅದೇ ಹೆಸರಿನಲ್ಲಿ. ಮೂರು ಚುನಾವಣೆಗಳಲ್ಲಿ ಮೂರು ಹಣೆಪಟ್ಟಿ ಬದಲಿಸಿದ ಹಾಗ್ಬಿನ್ ಅವರನ್ನು ನೋಡಿದರೆ ಪಕ್ಷಾಂತರವೂ ನಮ್ಮ ಆವಿಷ್ಕಾರವಲ್ಲ ಎಂದು ಸಮಾಧಾನಪಡಬಹುದು. ಜಿನೊವಿಯೆವ್ ಕಾಗದದ ಬಿರುಗಾಳಿಯ ನಡುವೆ ಲೆಕ್ಕ ಹೀಗಿತ್ತು: ಸಕ್ಲತ್‌ವಾಲಾ 15,096, ಹಾಗ್ಬಿನ್ 14,554. ಸಕ್ಲತ್‌ವಾಲಾ ಪಡೆದ ಮತ ಮೂರು ಚುನಾವಣೆಗಳಲ್ಲೂ ಏರುತ್ತಲೇ ಬಂದಿತ್ತು.

ಮುಂದಿನ ನಾಲ್ಕೂವರೆ ವರ್ಷ ಕಾಮನ್ಸ್ ಸಭೆಯಲ್ಲಿ ಅವರನ್ನು ಭಾರತದ ಸದಸ್ಯ ಎಂದು ಕರೆಯುತ್ತಿದ್ದರು. ಆ ಪದವಿಗೆ ತೆತ್ತ ಬೆಲೆಯೂ ಇತ್ತು. 1925ರಲ್ಲಿ ಅಂತರ ಪಾರ್ಲಿಮೆಂಟರಿ ಒಕ್ಕೂಟದ ಸಭೆಗೆ ವಾಷಿಂಗ್ಟನ್ನಿಗೆ ಹೊರಟಾಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕೆಲಾಗ್ ಅವರ ವೀಸಾ ರದ್ದು ಮಾಡಿದರು. 1926ರ ಮೇ 1ರಂದು ಹೈಡ್ ಪಾರ್ಕಿನಲ್ಲಿ ಮಾತನಾಡಿ, ಮುಷ್ಕರ ನಿರತರ ಮೇಲೆ ಗುಂಡು ಹಾರಿಸಬೇಡಿ ಎಂದು ಸೈನಿಕರಿಗೆ ಕರೆ ಕೊಟ್ಟರು. ಸಾರ್ವತ್ರಿಕ ಮುಷ್ಕರ ಶುರುವಾಗುತ್ತಿದ್ದಂತೆ ಬಂಧನವಾಯಿತು. ಒಳ್ಳೆಯ ನಡತೆಗೆ ಜಾಮೀನು ಬರೆದುಕೊಟ್ಟರೆ ಬಿಡುತ್ತೇವೆ ಎಂದರು, ಒಪ್ಪಲಿಲ್ಲ. ವರ್ಮ್‌ವುಡ್ ಸ್ಕ್ರಬ್ಸ್ ಜೈಲಿನಲ್ಲಿ ಎರಡು ತಿಂಗಳು ಕಳೆದರು. 1927ರಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿ ಭಾಷಣ ಮಾಡಿದರು. ಖಾದಿಯ ಅರ್ಥಶಾಸ್ತ್ರದ ಬಗ್ಗೆ, ಮಹಾತ್ಮ ಎಂಬ ಬಿರುದಿನ ಬಗ್ಗೆ ಗಾಂಧೀಜಿಗೆ ಖಾರವಾದ ಬಹಿರಂಗ ಪತ್ರ ಬರೆದರು, ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಉತ್ತರ ಕೊಟ್ಟರು. ಇಂಗ್ಲೆಂಡಿಗೆ ಮರಳಿದ ಮೇಲೆ ಸರ್ಕಾರ ಮತ್ತೆ ಭಾರತಕ್ಕೆ ಕಾಲಿಡದಂತೆ ನಿಷೇಧ ಹೇರಿತು. 1929ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರವೂ ಅದನ್ನು ತೆಗೆಯಲಿಲ್ಲ. ಬ್ರಿಟನ್ನಿನ ಶಾಸನ ಸಭೆಯಲ್ಲಿ ಕೂತವನಿಗೆ ಹುಟ್ಟಿದ ಊರಿಗೆ ಹೋಗುವ ಅಧಿಕಾರ ಇರಲಿಲ್ಲ.

ಅವರ ಸ್ವಂತ ಪಕ್ಷವೂ ನೆಮ್ಮದಿ ಕೊಡಲಿಲ್ಲ. 1927ರಲ್ಲೇ ತಮ್ಮ ಮಕ್ಕಳಿಗೆ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಪಾರ್ಸಿಗಳ ನವಜೋತ್ ದೀಕ್ಷೆ ಮಾಡಿಸಿದರು. ಕಮ್ಯುನಿಸ್ಟನೊಬ್ಬ ಮಕ್ಕಳಿಗೆ ಪವಿತ್ರ ದಾರ ಕಟ್ಟಿಸುವುದೆಂದರೇನು ಎಂದು ಪಕ್ಷ ಬಹಿರಂಗವಾಗಿ ಛೀಮಾರಿ ಹಾಕಿತು. ಸಕ್ಲತ್‌ವಾಲಾ ಆ ಛೀಮಾರಿಯನ್ನೂ ನುಂಗಿಕೊಂಡು ಪಕ್ಷದಲ್ಲೇ ಉಳಿದರು. ಅವರ ಬದುಕಿನಲ್ಲಿ ನನಗೆ ಅತ್ಯಂತ ಮನುಷ್ಯಸಹಜವಾಗಿ ಕಾಣುವ ಘಟನೆ ಇದು.

ಈ ನಡುವೆ ಬ್ಯಾಟರ್ಸಿಯಲ್ಲಿ ಬಿರುಕು ಬಿಟ್ಟಿತು. ಕಮ್ಯುನಿಸ್ಟರನ್ನು ಹೊರಹಾಕಲು ಒಪ್ಪದ ಸ್ಥಳೀಯ ಘಟಕವನ್ನು ಲೇಬರ್ ಪಕ್ಷ 1926ರಲ್ಲಿ ತನ್ನ ಪಟ್ಟಿಯಿಂದಲೇ ತೆಗೆದುಹಾಕಿ ಹೊಸ ಘಟಕ ಕಟ್ಟಿತು. ಹಳೆಯ ಕಾರ್ಯಕರ್ತರು ಆಚೆ ಈಚೆ ಹಂಚಿಹೋದರು. ಆರ್ಚರ್ ಲೇಬರ್ ಕಡೆಗೇ ನಿಂತರು. ಇತ್ತ ಮಾಸ್ಕೋದ ಸೂಚನೆಯಂತೆ ಕಮ್ಯುನಿಸ್ಟ್ ಪಕ್ಷ 1928ರ ಹೊತ್ತಿಗೆ ವರ್ಗದ ವಿರುದ್ಧ ವರ್ಗ ಎಂಬ ನಿಲುವು ತಳೆದು ಲೇಬರ್ ಪಕ್ಷವನ್ನೇ ಮುಖ್ಯ ಶತ್ರು ಎಂದು ಕರೆಯತೊಡಗಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

1929ರಲ್ಲಿ ಲೇಬರ್ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತು: ವಿಲಿಯಂ ಸ್ಟೀಫನ್ ಸ್ಯಾಂಡರ್ಸ್, ಫೇಬಿಯನ್ ಸೊಸೈಟಿಯ ಮಾಜಿ ಕಾರ್ಯದರ್ಶಿ, ಬರ್ನ್ಸ್ ಕಾಲದಿಂದಲೂ ಬ್ಯಾಟರ್ಸಿಯ ಒಳಗುಟ್ಟು ಬಲ್ಲವರು. ಅವರ ಏಜೆಂಟ್ ಯಾರೆಂದರೆ ಅದೇ ಜಾನ್ ಆರ್ಚರ್. 21 ದಾಟಿದ ಹೆಂಗಸರೆಲ್ಲರಿಗೂ ಮತ ಬಂದಿದ್ದ ಮೊದಲ ಚುನಾವಣೆ ಅದು, ಮತದಾರರು ಹೆಚ್ಚಿದ್ದರು. ಆದರೂ ಸಕ್ಲತ್‌ವಾಲಾ 15,096ರಿಂದ 6,554ಕ್ಕೆ, ಮೂರನೆಯ ಸ್ಥಾನಕ್ಕೆ ಇಳಿದರು. ಸ್ಯಾಂಡರ್ಸ್ ಗೆದ್ದರು. 1931ರಲ್ಲಿ ಇನ್ನೊಮ್ಮೆ ನಿಂತಾಗ ಬಂದದ್ದು 3,021, ಠೇವಣಿಯೂ ಹೋಯಿತು. ಎಡಪಂಥೀಯರ ಜಗಳ ಮತ್ತು ಆರ್ಥಿಕ ಕುಸಿತದ ನಡುವೆ ಆ ಸಲ ಕನ್ಸರ್ವೇಟಿವ್ ಪಕ್ಷದ ಆರ್ಥರ್ ಮಾರ್ಸ್ಡನ್, ನೌಕಾಪಡೆಯ ಅಧಿಕಾರಿ, ಈ ಕಾರ್ಮಿಕರ ಕೋಟೆಯನ್ನೇ ಗೆದ್ದುಬಿಟ್ಟರು. ಆ ಕ್ಷೇತ್ರದ ಇಡೀ ಚರಿತ್ರೆಯಲ್ಲಿ ಕನ್ಸರ್ವೇಟಿವರು ಗೆದ್ದದ್ದು ಅದೊಂದೇ ಬಾರಿ.

ಆರ್ಚರ್ 1932ರಲ್ಲಿ ತೀರಿಕೊಂಡರು. ಸಕ್ಲತ್‌ವಾಲಾ 1936ರ ಜನವರಿ 16ರಂದು. ಅದೇ ವರ್ಷ ಶುರುವಾದ ಸ್ಪೇನಿನ ಅಂತರ್ಯುದ್ಧದಲ್ಲಿ ಕಾದಲು ಹೋದ ಬ್ರಿಟಿಷ್ ಸ್ವಯಂಸೇವಕರ ಬೆಟಾಲಿಯನ್ನಿಗೆ ಅವರ ಹೆಸರಿಟ್ಟಿದ್ದರು. ಹೆಸರು ಬಾಯಲ್ಲಿ ತಿರುಗದೆಯೋ ಏನೋ, ಬಳಕೆಗೆ ಬರಲಿಲ್ಲ.

ಅಲ್ಲಿಂದ ಮುಂದಿನ ಅರ್ಧ ಶತಮಾನದ ಚುನಾವಣೆಗಳು ಸಪ್ಪೆ. 1935ರಲ್ಲಿ ಸ್ಯಾಂಡರ್ಸ್ ಕ್ಷೇತ್ರವನ್ನು ಲೇಬರಿಗೆ ಮರಳಿ ಗೆದ್ದುಕೊಟ್ಟರು. 1940ರ ಉಪಚುನಾವಣೆಯಲ್ಲಿ ಫ್ರಾನ್ಸಿಸ್ ಡಗ್ಲಸ್ ಬಂದರು. ಅವರು ಮಾಲ್ಟಾದ ಗವರ್ನರ್ ಆಗಿ ಹೊರಟಾಗ 1946ರಲ್ಲಿ ಇನ್ನೊಂದು ಉಪಚುನಾವಣೆ ನಡೆದು ಡಗ್ಲಸ್ ಜೇ ಗೆದ್ದರು. ಅರ್ಥಶಾಸ್ತ್ರ ಬಲ್ಲ ಪತ್ರಕರ್ತ, ಹೆರಾಲ್ಡ್ ವಿಲ್ಸನ್ ಸರ್ಕಾರದಲ್ಲಿ 1964ರಿಂದ 1967ರವರೆಗೆ ವಾಣಿಜ್ಯ ಮಂಡಳಿಯ ಅಧ್ಯಕ್ಷ, ಬ್ರಿಟನ್ ಯುರೋಪಿನ ಕಾಮನ್ ಮಾರ್ಕೆಟ್ ಸೇರುವುದನ್ನು ಪಟ್ಟು ಬಿಡದೆ ವಿರೋಧಿಸಿದವರು. 37 ವರ್ಷ ಅವರೇ ಬ್ಯಾಟರ್ಸಿ ನಾರ್ತ್. ಸುಭದ್ರ ಕ್ಷೇತ್ರವಾದ ಮೇಲೆ ಅಲ್ಲಿ ಹೇಳುವಂಥ ಚುನಾವಣೆ ನಡೆಯಲಿಲ್ಲ. ಸದಸ್ಯರಿಗೆ ಅದು ನೆಮ್ಮದಿ, ಚರಿತ್ರೆ ಬರೆಯುವವರಿಗೆ ನಷ್ಟ.

ಕ್ಷೇತ್ರ ಅಳಿದದ್ದು ಸೋಲಿನಿಂದಲ್ಲ, ಜನ ಕರಗಿದ್ದರಿಂದ. ಯುದ್ಧದ ಬಾಂಬು, ಆಮೇಲೆ ಕೊಳೆಗೇರಿ ತೆರವು, ಲಂಡನ್ನಿನ ಹೊರಗಿನ ಹೊಸ ಊರುಗಳತ್ತ ವಲಸೆ, ಮುಚ್ಚಿದ ಕಾರ್ಖಾನೆಗಳು. 1965ರಲ್ಲಿ ಬ್ಯಾಟರ್ಸಿ ಪುರಸಭೆಯೇ ವಾಂಡ್ಸ್‌ವರ್ತ್‌ನೊಳಗೆ ಸೇರಿಹೋಯಿತು. ಅಲ್ಲಿ ಕ್ಷೇತ್ರಗಳ ಗೆರೆ ಎಳೆಯುವ ಗಡಿ ಆಯೋಗ ಮತದಾರರ ಸಂಖ್ಯೆ ಸರಿಸುಮಾರು ಸಮನಾಗಿರಬೇಕೆಂದು ನೋಡುತ್ತದೆ, ಹಾಗಾಗಿ ಜನ ಕಡಿಮೆಯಾದ ನಗರದ ಒಳಭಾಗಗಳು ಸ್ಥಾನ ಕಳೆದುಕೊಳ್ಳುತ್ತವೆ. 2008ರ ಮರುವಿಂಗಡಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ನಕಾಶೆಯಿಂದ ಮಾಯವಾದದ್ದನ್ನು ಕಂಡ ನಮಗೆ ಇದು ಹೊಸತಲ್ಲ. 1983ರಲ್ಲಿ ಬ್ಯಾಟರ್ಸಿಯ ಉತ್ತರ ದಕ್ಷಿಣಗಳು ಬಹುಮಟ್ಟಿಗೆ ಮತ್ತೆ ಒಂದಾದವು. ಜೇ ನಿವೃತ್ತರಾದರು. ಅದೇ ವರ್ಷ ಕ್ಷೇತ್ರದ ಹೆಗ್ಗುರುತಾಗಿದ್ದ ನಾಲ್ಕು ಚಿಮಣಿಗಳ ಬ್ಯಾಟರ್ಸಿ ವಿದ್ಯುತ್ ಸ್ಥಾವರವೂ ಉರಿಯುವುದನ್ನು ನಿಲ್ಲಿಸಿತು.

ಮರುಹುಟ್ಟು ಪಡೆದ ಬ್ಯಾಟರ್ಸಿಯ ಮೊದಲ ಸದಸ್ಯ ಲೇಬರ್ ಪಕ್ಷದ ಆಲ್ಫ್ ಡಬ್ಸ್, ನಾಜಿಗಳಿಂದ ಪಾರಾಗಿ ಮಕ್ಕಳ ರೈಲಿನಲ್ಲಿ ಪ್ರಾಗ್‌ನಿಂದ ಬಂದ ಬಾಲಕ. 1987ರಲ್ಲಿ ಅವರು ಕನ್ಸರ್ವೇಟಿವ್ ಜಾನ್ ಬೋವಿಸ್‌ಗೆ ಸೋತರು. ಪುರಸಭೆಯ ಮನೆಗಳು ಮಾರಾಟವಾಗಿ, ನದಿಯ ಆಚೆಯ ಚೆಲ್ಸಿಯ ಹಣವಂತರು ಸೇತುವೆ ದಾಟಿ ಬಂದಿದ್ದರು. ಅಲ್ಲಿಂದೀಚೆಗೆ ಆ ಸ್ಥಾನ ಲೇಬರಿಗೂ ಕನ್ಸರ್ವೇಟಿವರಿಗೂ ಕೈ ಬದಲಾಯಿಸುತ್ತ ಬಂದಿದೆ. ವಿದ್ಯುತ್ ಸ್ಥಾವರ ಈಗ ಅಂಗಡಿ ಮಾಳಿಗೆ, ಐಷಾರಾಮಿ ಫ್ಲ್ಯಾಟು, ಆಪಲ್ ಕಂಪನಿಯ ಕಚೇರಿ. ನೈನ್ ಎಲ್ಮ್ಸ್‌ನಲ್ಲಿ 2018ರಲ್ಲಿ ಅಮೆರಿಕದ ರಾಯಭಾರ ಕಚೇರಿ ತೆರೆಯಿತು. ಯಾವ ಕ್ಷೇತ್ರದ ಸದಸ್ಯನಿಗೆ ವೀಸಾ ನಿರಾಕರಿಸಿದ್ದರೋ ಆ ಊರಿನಲ್ಲೇ ಈಗ ವೀಸಾ ಸರದಿ ನಿಲ್ಲುತ್ತದೆ. ಮೇಫೇರ್ ಬಿಟ್ಟು ಇಂಥ ಜಾಗಕ್ಕೆ ಹೋಗಬಾರದಿತ್ತು ಎಂದು ಡೊನಾಲ್ಡ್ ಟ್ರಂಪ್ ಗೊಣಗಿ, ಉದ್ಘಾಟನೆಗೆ ಬರಲಿಲ್ಲ.

ಇನ್ನು ನಮ್ಮ ಹೆಮ್ಮೆಯ ವಿಚಾರ. ಸ್ವಾತಂತ್ರ್ಯಕ್ಕೆ ಮೊದಲು ಕಾಮನ್ಸ್ ಸಭೆಯಲ್ಲಿ ಕೂತ ಪ್ರಸಿದ್ಧ ಭಾರತೀಯರು ಮೂವರು, ಮೂವರೂ ಪಾರ್ಸಿಗಳು, ಮೂವರದೂ ಬೇರೆ ಬೇರೆ ಪಕ್ಷ: 1892ರಲ್ಲಿ ಫಿನ್ಸ್‌ಬರಿ ಸೆಂಟ್ರಲ್‌ನಿಂದ ಲಿಬರಲ್ ದಾದಾಭಾಯಿ ನವರೋಜಿ, 1895ರಲ್ಲಿ ಬೆತ್ನಲ್ ಗ್ರೀನ್ ಈಶಾನ್ಯದಿಂದ ಕನ್ಸರ್ವೇಟಿವ್ ಮಂಚರ್ಜಿ ಭಾವನಗರಿ, ಆಮೇಲೆ ಸಕ್ಲತ್‌ವಾಲಾ. ಈ ಮೂರೂ ಲಂಡನ್ ಕ್ಷೇತ್ರಗಳು ಇಂದು ನಕಾಶೆಯಲ್ಲಿಲ್ಲ. ಸಕ್ಲತ್‌ವಾಲಾ ಸೋತ ಮೇಲೆ ಭಾರತೀಯ ಮೂಲದವರೊಬ್ಬರು ಆ ಸಭೆಗೆ ಬರಲು 1987ರ ತನಕ ಕಾಯಬೇಕಾಯಿತು, ಲೆಸ್ಟರ್ ಈಸ್ಟ್‌ನಿಂದ ಕೀತ್ ವಾಜ್. 58 ವರ್ಷಗಳ ಈ ಖಾಲಿ ಜಾಗ ಯಾವ ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ. ಬ್ರಿಟನ್ ಭಾರತೀಯರನ್ನು ಅಷ್ಟು ಸುಲಭವಾಗಿ ಆರಿಸುತ್ತಿರಲಿಲ್ಲ. ಬ್ಯಾಟರ್ಸಿ ನಾರ್ತ್ ಆರಿಸಿತು, ಅದೂ ತನ್ನ ಪಕ್ಷ ಹೇಳಿದ್ದಕ್ಕೆ. ಅದೇ ಪಕ್ಷ ಬೇಡ ಎಂದಾಗ ಕೈಬಿಟ್ಟಿತು. ಅವರ ಬಣ್ಣಕ್ಕಿಂತ ಅವರ ಹಿಂದಿದ್ದ ಟ್ರೇಡ್ಸ್ ಕೌನ್ಸಿಲ್ ತೂಕದ್ದು. ಇದನ್ನು ಒಪ್ಪಿಕೊಂಡರೆ ಸಕ್ಲತ್‌ವಾಲಾ ಸಣ್ಣವರಾಗುವುದಿಲ್ಲ, ಆರ್ಚರ್ ಮತ್ತು ಹೆಸರಿಲ್ಲದ ನೂರಾರು ವಾರ್ಡು ಕಾರ್ಯಕರ್ತರು ಕಣ್ಣಿಗೆ ಬೀಳುತ್ತಾರೆ ಅಷ್ಟೇ.

ಕನ್ನಡಿಗರಿಗೆ ಆ ಕಡೆಯ ಲಂಡನ್ ತೀರ ಅಪರಿಚಿತವೂ ಅಲ್ಲ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಪಕ್ಕದ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಅವರ ಪ್ರಯತ್ನದಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ನಿಂತು, 2015ರ ನವೆಂಬರಿನಲ್ಲಿ ಅನಾವರಣಗೊಂಡಿತು. 2017ರಲ್ಲಿ ಅವರು ಬ್ಯಾಟರ್ಸಿಯಂತೆಯೇ ವಾಂಡ್ಸ್‌ವರ್ತ್‌ಗೆ ಸೇರಿದ ಪಟ್ನಿ ಕ್ಷೇತ್ರದಲ್ಲಿ ಲೇಬರ್ ಅಭ್ಯರ್ಥಿಯಾಗಿ ನಿಂತು, ಸಚಿವೆ ಜಸ್ಟಿನ್ ಗ್ರೀನಿಂಗ್ ಎದುರು ಸುಮಾರು ಒಂದೂವರೆ ಸಾವಿರ ಮತಗಳಿಂದ ಸೋತರು. ಲಂಡನ್ನಿಗೆ ಹೋಗುವ ಕನ್ನಡಿಗರು ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ಇನ್ನು ಮುಂದೆ ಹೋದವರು ಅಲ್ಲಿಂದ ನದಿಯ ದಂಡೆಯಲ್ಲೇ ವಾಕ್ಸ್‌ಹಾಲ್ ದಾಟಿ ನೈನ್ ಎಲ್ಮ್ಸ್ ತನಕ ನಡೆಯಿರಿ. ಸಮಯವಿದ್ದರೆ ಒಳಗೆ ಹೋಗಿ ಲ್ಯಾಚ್ಮಿಯರ್ ಎಸ್ಟೇಟಿನ ಬೀದಿ ಹೆಸರುಗಳನ್ನೂ ಓದಿ ಬನ್ನಿ.